ಒಳ್ಳೆಯವರ ಮೊದಲ ಮಾತು

ಕೆಲವು ವರ್ಷ ನಾವು ಅಮೆರಿಕದ ಒಂದು ಸಣ್ಣ ಊರಿನಲ್ಲಿದ್ದೆವು. ಪಕ್ಕದ ಮನೆಯಲ್ಲಿ ಒಬ್ಬರು ಬಿಳಿಯ ಅಜ್ಜಿ. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು. ನಾವು ಮನೆಗೆ ಬಂದ ದಿನವೇ ಸೇಬಿನ ಪೈ ಮಾಡಿಕೊಂಡು ಬಂದಿದ್ದರು. ಹಿಮ ಬಿದ್ದ ಬೆಳಿಗ್ಗೆ ನಾವು ಏಳುವಷ್ಟರಲ್ಲಿ ನಮ್ಮ ಬಾಗಿಲ ಮುಂದಿನ ಹಿಮವನ್ನೂ ತೆಗೆಸಿರುತ್ತಿದ್ದರು.

ಒಂದು ಶನಿವಾರ ನನ್ನ ಹೆಂಡತಿ ಬಟ್ಟೆ ಅಂಗಡಿಯಿಂದ ಮುಖ ಚಿಕ್ಕದು ಮಾಡಿಕೊಂಡು ಬಂದಳು. ಒಳಗೆ ಕಾಲಿಟ್ಟಾಗಿನಿಂದ ಸೆಕ್ಯೂರಿಟಿಯವನು ಅವಳ ಹಿಂದೆಯೇ ಸುತ್ತಿದ್ದನಂತೆ. ಹೊರಡುವಾಗ ಬಾಗಿಲಲ್ಲಿ ನಿಲ್ಲಿಸಿ ಬ್ಯಾಗ್ ಬಿಚ್ಚಿಸಿದನಂತೆ. ಅವಳ ಹಿಂದೆ ಮುಂದೆ ಇದ್ದ ಬಿಳಿಯ ಹೆಂಗಸರು ಯಾರ ಬ್ಯಾಗನ್ನೂ ಅವನು ಮುಟ್ಟಲಿಲ್ಲ. ಸಂಜೆ ಬೇಲಿಯ ಪಕ್ಕ ನಿಂತು ಇದನ್ನು ಅಜ್ಜಿಗೆ ಹೇಳಿದಳು.

ಅಜ್ಜಿಯ ಮೊದಲ ಮಾತು ಇದು: "ಇಲ್ಲ ಇಲ್ಲ, ಅವರು ಎಲ್ಲರಿಗೂ ಹಾಗೇ ಮಾಡುತ್ತಾರೆ." ಎರಡನೆಯದು: "ಈ ಊರಿನ ಜನ ಅಂಥವರಲ್ಲ." ಮೂರನೆಯದು: "ನನಗಂತೂ ಮನುಷ್ಯರ ಬಣ್ಣವೇ ಕಾಣುವುದಿಲ್ಲ." ಅಷ್ಟು ಹೇಳುವಷ್ಟರಲ್ಲಿ ಅವರ ಕಣ್ಣು ತುಂಬಿತು. ನನ್ನ ಹೆಂಡತಿ ಬೇಲಿಯ ಮೇಲಿಂದ ಕೈ ಚಾಚಿ ಅವರ ಭುಜ ಸವರಿದಳು. "ನೀವು ಬೇಜಾರು ಮಾಡ್ಕೋಬೇಡಿ" ಎಂದಳು. ಒಳಗೆ ಬಂದ ಮೇಲೆ ನನಗೆ ಹೇಳಿದ್ದು ಒಂದೇ ಮಾತು: "ಬ್ಯಾಗ್ ಬಿಚ್ಚಿಸಿದ್ದು ನಂದು. ಸಮಾಧಾನ ಮಾಡಿದ್ದೂ ನಾನೇ."

ಅಜ್ಜಿ ಕೆಟ್ಟವರಲ್ಲ. ನಾನು ಕಂಡ ಅತ್ಯಂತ ಒಳ್ಳೆಯ ಮನುಷ್ಯರಲ್ಲಿ ಅವರೂ ಒಬ್ಬರು. ಅದಕ್ಕೇ ಈ ಘಟನೆ ನನ್ನನ್ನು ಬಿಡಲಿಲ್ಲ. ವರ್ಣಭೇದದ ಬಗ್ಗೆ ಓದಲು ಕೂತಾಗ ನಾನು ಹುಡುಕಿದ್ದು ಬಿಳಿ ಮುಸುಕು ಹಾಕಿಕೊಂಡು ಶಿಲುಬೆ ಸುಡುತ್ತಿದ್ದ ಕು ಕ್ಲಕ್ಸ್ ಕ್ಲಾನ್ ಎಂಬ ವರ್ಣದ್ವೇಷಿ ಗುಂಪಿನವರ ಕಥೆಯನ್ನಲ್ಲ. ವರ್ಣಭೇದ ತಪ್ಪು ಎಂದು ಮನಸಾರೆ ನಂಬುವ ಬಿಳಿಯರು, ಅದು ತಮ್ಮ ಕಣ್ಣೆದುರಿಗೇ ಬಂದಾಗ ಯಾಕೆ ಹೀಗೆ ತಡವರಿಸುತ್ತಾರೆ ಅನ್ನುವುದನ್ನು.

ಒಂದು ಸರಳ ಕಾರಣದಿಂದ ಶುರು ಮಾಡೋಣ. ವರ್ಣಭೇದ ಅಂದರೆ ಕೆಟ್ಟವರು ಬೇಕೆಂದೇ ಮಾಡುವ ಕೆಟ್ಟ ಕೆಲಸ ಅಂತ ಬಹಳ ಜನ ತಿಳಿದಿರುತ್ತಾರೆ. ಹಾಗೆ ತಿಳಿದವರ ಎದುರು ನೀವು "ಅಲ್ಲಿ ನನಗೆ ಹೀಗಾಯಿತು" ಎಂದರೆ ಅವರ ಕಿವಿಗೆ ಬೀಳುವುದು ಬೇರೆಯೇ: "ನೀನು, ನಿನ್ನವರು ಕೆಟ್ಟವರು." ಅವರು ಉತ್ತರ ಕೊಡುವುದು ನೀವು ಹೇಳಿದ್ದಕ್ಕಲ್ಲ, ಅವರಿಗೆ ಕೇಳಿಸಿದ್ದಕ್ಕೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತೀವಲ್ಲ, ಹಾಗೆ. ಆದರೆ ಇಲ್ಲಿ ಅಜ್ಜಿಯನ್ನು ಯಾರೂ ಕಳ್ಳಿ ಎಂದಿರಲಿಲ್ಲ. ಅವರು ಕದ್ದೂ ಇರಲಿಲ್ಲ. ಆದರೂ ಕೈ ಹೆಗಲಿಗೆ ಹೋಯಿತು. ಮಾತು ಅಂಗಡಿಯಿಂದ ಜಾರಿ ಅಜ್ಜಿಯ ಒಳ್ಳೆಯತನದ ಮೇಲೆ ಬಂದು ಕೂತಿತು. ಅಂಗಡಿಯಲ್ಲಿ ಏನಾಯಿತು ಅನ್ನುವುದು ಅಲ್ಲಿಗೇ ನಿಂತುಹೋಯಿತು.

ಇದನ್ನು ದೊಡ್ಡ ಪ್ರಮಾಣದಲ್ಲಿ ನೋಡಬೇಕೆಂದರೆ 1963ರ ಬರ್ಮಿಂಗ್‌ಹ್ಯಾಮ್‌ಗೆ ಹೋಗಬೇಕು. ಅಮೆರಿಕದ ದಕ್ಷಿಣದ ಅಲಬಾಮಾ ರಾಜ್ಯದ ಊರು. ಕಪ್ಪು ಜನರಿಗೆ ಬೇರೆ ನಲ್ಲಿ, ಬೇರೆ ಶಾಲೆ. ಊಟದ ಕೌಂಟರಿನಲ್ಲಿ ಅವರು ಕೂರುವ ಹಾಗಿಲ್ಲ. ಕಪ್ಪು ಜನರ ಮನೆಗಳಿಗೆ ಎಷ್ಟು ಸಲ ಬಾಂಬ್ ಬಿದ್ದಿತ್ತೆಂದರೆ ಜನ ಆ ಊರನ್ನು ಬಾಂಬಿಂಗ್‌ಹ್ಯಾಮ್ ಅಂತಲೇ ಕರೆಯುತ್ತಿದ್ದರು.

ಆ ವರ್ಷದ ಜನವರಿಯಲ್ಲಿ ಜಾರ್ಜ್ ವಾಲೇಸ್ ಅಲಬಾಮಾದ ಗವರ್ನರ್ ಆದರು. ಈ ಬೇರ್ಪಡಿಕೆ ಇಂದಿಗೂ, ನಾಳೆಗೂ, ಎಂದೆಂದಿಗೂ ಇರುತ್ತದೆ ಎಂದು ಪ್ರಮಾಣವಚನದ ದಿನವೇ ಸಾರಿದರು. ಅಂಥ ಹೊತ್ತಿನಲ್ಲಿ ರಾಜ್ಯದ ಕೆಲವು ಬಿಳಿಯ ಧರ್ಮಗುರುಗಳು ಒಂದು ಹೇಳಿಕೆ ಕೊಟ್ಟರು. ಬೇರ್ಪಡಿಕೆ ನಿಲ್ಲಿಸಬೇಕೆಂಬ ಕೋರ್ಟಿನ ತೀರ್ಪನ್ನು ಪಾಲಿಸಬೇಕು, ದ್ವೇಷ ಬೇಡ, ಎಲ್ಲರೂ ದೇವರ ಮಕ್ಕಳು ಎಂದರು. ಇವತ್ತು ಓದಿದರೆ ಸಾಧಾರಣ ಮಾತು ಅನ್ನಿಸಬಹುದು. ಆಗ ಅದಕ್ಕೆ ನಿಜವಾದ ಧೈರ್ಯ ಬೇಕಿತ್ತು. ತಮ್ಮ ಚರ್ಚಿನ ಜನರ ಸಿಟ್ಟನ್ನೇ ಎದುರಿಸಬೇಕಿತ್ತು. ಇದನ್ನು ಮರೆಯಬಾರದು. ಇವರು ಒಳ್ಳೆಯವರು.

ಏಪ್ರಿಲ್‌ನಲ್ಲಿ ಕಪ್ಪು ಜನರ ಹಕ್ಕಿನ ಹೋರಾಟದ ನಾಯಕ ಮಾರ್ಟಿನ್ ಲೂಥರ್ ಕಿಂಗ್ ಬರ್ಮಿಂಗ್‌ಹ್ಯಾಮ್‌ಗೆ ಬಂದರು. ಮೆರವಣಿಗೆ, ಧರಣಿ, ಅಂಗಡಿ ಬಹಿಷ್ಕಾರ ಶುರುವಾದವು. ಏಪ್ರಿಲ್ 12, ಗುಡ್ ಫ್ರೈಡೇ ದಿನ ಕಿಂಗ್ ಬಂಧನವಾಯಿತು. ಅದೇ ಧರ್ಮಗುರುಗಳಲ್ಲಿ ಎಂಟು ಮಂದಿ ಅದೇ ದಿನಾಂಕದ ಇನ್ನೊಂದು ಹೇಳಿಕೆ ಹೊರಡಿಸಿದರು. ಬಿಷಪ್‌ಗಳು, ಪಾದ್ರಿಗಳು, ಒಬ್ಬರು ಯಹೂದಿ ಗುರು. ಈ ಸಲ ಮಾತು ಕಪ್ಪು ಜನರ ಕಡೆ ತಿರುಗಿತ್ತು. ಈ ಮೆರವಣಿಗೆಗಳು ಜಾಣತನವಲ್ಲ, ಇದು ಸಮಯವೂ ಅಲ್ಲ. ಹೊರಗಿನವರು ಬಂದು ನಡೆಸುತ್ತಿದ್ದಾರೆ. ಏನಿದ್ದರೂ ಕೋರ್ಟಿನಲ್ಲಿ, ಮಾತುಕತೆಯಲ್ಲಿ ಬಗೆಹರಿಸಿಕೊಳ್ಳೋಣ. ಪೊಲೀಸರು ಶಾಂತವಾಗಿ ನಡೆದುಕೊಂಡಿದ್ದಾರೆ ಎಂಬ ಮೆಚ್ಚುಗೆಯೂ ಅದರಲ್ಲಿತ್ತು.

ಆ ಹೇಳಿಕೆ ಅಚ್ಚಾಗಿದ್ದ ಪತ್ರಿಕೆ ಜೈಲಿನೊಳಗೆ ಕಿಂಗ್ ಕೈಸೇರಿತು. ಅವರು ಅದರ ಅಂಚಿನ ಖಾಲಿ ಜಾಗದಲ್ಲೇ ಉತ್ತರ ಬರೆಯತೊಡಗಿದರು. ಆಮೇಲೆ ಸಿಕ್ಕ ಚೂರು ಕಾಗದಗಳ ಮೇಲೆ, ಕೊನೆಗೆ ವಕೀಲರು ಬಿಟ್ಟುಹೋದ ಹಾಳೆಗಳ ಮೇಲೆ. ಬರ್ಮಿಂಗ್‌ಹ್ಯಾಮ್ ಜೈಲಿನ ಪತ್ರ ಎಂದು ಹೆಸರಾದದ್ದು ಅದೇ. ಕಪ್ಪು ಜನರ ದಾರಿಗೆ ಅತಿ ದೊಡ್ಡ ಅಡ್ಡಿ ಮುಸುಕುಧಾರಿ ಕ್ಲಾನ್‌ನವರಲ್ಲ, ಮಧ್ಯಮಮಾರ್ಗದ ಬಿಳಿಯರೇ ಎಂಬ ತೀರ್ಮಾನಕ್ಕೆ ತಾವು ಹೆಚ್ಚು ಕಡಿಮೆ ಬಂದುಬಿಟ್ಟಿದ್ದೇವೆ ಎಂದು ಅದರಲ್ಲಿ ಬರೆದರು. ನ್ಯಾಯಕ್ಕಿಂತ ಶಿಸ್ತನ್ನು ಜಾಸ್ತಿ ಪ್ರೀತಿಸುವವರು. ಗುರಿ ಒಪ್ಪಿದೆ, ದಾರಿ ಒಪ್ಪಿಲ್ಲ ಎನ್ನುವವರು. ಇನ್ನೊಬ್ಬರ ಬಿಡುಗಡೆಗೆ ತಾವು ಮುಹೂರ್ತ ಇಡುವವರು. ಕೇಡು ಬಗೆಯುವವರ ಪೂರ್ತಿ ತಪ್ಪು ತಿಳಿವಳಿಕೆಗಿಂತ ಒಳ್ಳೆಯವರ ಅರೆಬರೆ ತಿಳಿವಳಿಕೆಯೇ ಹೆಚ್ಚು ಹತಾಶೆ ತರುತ್ತದೆ ಎಂದರು.

"ಕಾಯಿರಿ" ಎಂಬ ಮಾತಿಗೆ ಅವರು ಕೊಟ್ಟ ಉತ್ತರವನ್ನು ಓದುವಾಗ ಈಗಲೂ ಗಂಟಲು ಕಟ್ಟುತ್ತದೆ. ಆರು ವರ್ಷದ ಮಗಳು ಟಿವಿಯಲ್ಲಿ ಮಕ್ಕಳ ಆಟದ ಪಾರ್ಕಿನ ಜಾಹೀರಾತು ನೋಡಿ, ಅಲ್ಲಿಗೆ ಯಾಕೆ ಹೋಗಬಾರದು ಎಂದು ಕೇಳುತ್ತಾಳೆ. ಅಲ್ಲಿಗೆ ಕಪ್ಪು ಮಕ್ಕಳನ್ನು ಬಿಡುವುದಿಲ್ಲ ಎಂದು ಅಪ್ಪ ಹೇಳಬೇಕು. ಅವಳ ಕಣ್ಣಲ್ಲಿ ನೀರು ತುಂಬುವುದನ್ನು ನೋಡುತ್ತಾ ಹೇಳಬೇಕು. ಕಾಯಿರಿ ಎನ್ನುವವರ ಮಕ್ಕಳು ಆಗಲೇ ಆ ಪಾರ್ಕಿನಲ್ಲಿ ಆಡುತ್ತಿದ್ದರು. ಅವರಿಗೆ ಕಾಯುವುದರಿಂದ ಏನೂ ನಷ್ಟವಿರಲಿಲ್ಲ.

ಆ ಎಂಟು ಮಂದಿಯಲ್ಲಿ ಅರ್ಲ್ ಸ್ಟಾಲಿಂಗ್ಸ್ ಎಂಬ ಪಾದ್ರಿಯೂ ಇದ್ದರು. ಈಸ್ಟರ್ ಭಾನುವಾರ ಕಪ್ಪು ಜನ ಅವರ ಚರ್ಚಿಗೆ ಬಂದಾಗ ಒಳಗೆ ಕೂರಿಸಿದ್ದರು. ಕಿಂಗ್ ಅದೇ ಪತ್ರದಲ್ಲಿ ಅವರ ಹೆಸರು ಹಿಡಿದು ಮೆಚ್ಚಿಕೊಂಡಿದ್ದಾರೆ. ಅಂದರೆ ಕಿಂಗ್ ಅವರಿಗೆ ಈ ಜನ ಏನು ಮಾಡಿದ್ದಾರೆ ಅನ್ನುವುದು ಗೊತ್ತಿತ್ತು. ಅವರ ಒಳ್ಳೆಯತನವನ್ನು ಅಲ್ಲಗಳೆಯದೆಯೇ, ಅದು ಎಲ್ಲಿ ಬಂದು ನಿಂತಿದೆ ಅನ್ನುವುದನ್ನು ತೋರಿಸಿದರು. ಎಂಟು ಜನರಿಗೂ ಇದು ಸುಲಭವಾಗಿ ಹಿಡಿಸಲಿಲ್ಲ. ಆದರೆ ಅವರಲ್ಲೊಬ್ಬರಾದ ಬಿಷಪ್ ಜೋಸೆಫ್ ಡ್ಯೂರಿಕ್ ಮುಂದೆ ಟೆನ್ನೆಸಿಗೆ ಹೋದಮೇಲೆ ಕಪ್ಪು ಜನರ ಹಕ್ಕುಗಳ ಪರ ಬಹಿರಂಗವಾಗಿ ನಿಂತರು.

ಅದೇ ವರ್ಷ ಸೆಪ್ಟೆಂಬರ್ 15, ಭಾನುವಾರ. ಬರ್ಮಿಂಗ್‌ಹ್ಯಾಮ್‌ನ 16ನೇ ಬೀದಿಯ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಬಾಂಬ್ ಸಿಡಿಯಿತು. ನಾಲ್ವರು ಹುಡುಗಿಯರು ಸತ್ತರು. ಆ್ಯಡಿ ಮೇ ಕಾಲಿನ್ಸ್, ಕ್ಯಾರಲ್ ರಾಬರ್ಟ್‌ಸನ್, ಸಿಂಥಿಯಾ ವೆಸ್ಲಿ: ಮೂವರಿಗೂ 14 ವರ್ಷ. ಡೆನಿಸ್ ಮೆಕ್‌ನೇರ್‌ಗೆ 11. ಮರುದಿನ ಮಧ್ಯಾಹ್ನ ಊರಿನ ಬಿಳಿಯ ಯುವ ವ್ಯಾಪಾರಿಗಳ ಕ್ಲಬ್ಬಿನಲ್ಲಿ 33 ವರ್ಷದ ವಕೀಲ ಚಾರ್ಲ್ಸ್ ಮಾರ್ಗನ್ ಎದ್ದು ನಿಂತರು. ಯಾರು ಮಾಡಿದ್ದು ಎಂದು ಊರೆಲ್ಲ ಕೇಳುತ್ತಿದೆ, ನಾವೆಲ್ಲರೂ ಸೇರಿ ಮಾಡಿದ್ದು ಎಂದರು. ದ್ವೇಷದ ಮಾತಿಗೆ ನಕ್ಕವರು, ಗೊತ್ತಿದ್ದೂ ಬಾಯಿ ಬಿಡದವರು, ಎಲ್ಲರೂ. ಮಾರ್ಗನ್‌ಗೆ ಬೆದರಿಕೆಗಳು ಬಂದವು. ಸ್ವಲ್ಪ ಕಾಲದಲ್ಲೇ ಹೆಂಡತಿ, ಮಗನೊಡನೆ ಆ ಊರು ಬಿಡಬೇಕಾಯಿತು. "ನಮ್ಮ ಊರಿನ ಜನ ಅಂಥವರಲ್ಲ" ಎನ್ನುವ ಮಾತು ಒಂದು ಊರಿಗೆ ಎಷ್ಟು ಮುಖ್ಯವಾಗಿರುತ್ತದೆ ಅನ್ನುವುದು ಇದರಿಂದ ಗೊತ್ತಾಗುತ್ತದೆ.

ಅದೆಲ್ಲ ದಕ್ಷಿಣದ ಕಥೆ, ಹಳೆಯ ಕಾಲ ಎನ್ನಬಹುದು. ಉತ್ತರದ ಉದಾರವಾದಿ ಬಿಳಿಯರೂ ಹಾಗೇ ಅಂದುಕೊಂಡಿದ್ದರು. 1970ರ ದಶಕದ ಆರಂಭದಲ್ಲಿ ಸ್ಯಾಮ್ಯುಯೆಲ್ ಗಾರ್ಟ್ನರ್ ಎಂಬ ಮನಶ್ಶಾಸ್ತ್ರಜ್ಞ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಒಂದು ಪ್ರಯೋಗ ಮಾಡಿದರು. ಉದಾರವಾದಿ ಲಿಬರಲ್ ಪಕ್ಷದ, ಸಂಪ್ರದಾಯವಾದಿ ಕನ್ಸರ್ವೇಟಿವ್ ಪಕ್ಷದ ಬಿಳಿಯ ಸದಸ್ಯರ ಮನೆಗಳಿಗೆ ತಪ್ಪು ನಂಬರಿನ ಹಾಗೆ ಫೋನ್ ಹೋಗುತ್ತಿತ್ತು. ಕಾರು ಕೆಟ್ಟು ರಸ್ತೆಯಲ್ಲಿ ಸಿಕ್ಕಿಕೊಂಡಿದ್ದೇನೆ, ಫೋನಿಗೆ ಹಾಕಲು ಇನ್ನು ಚಿಲ್ಲರೆ ಇಲ್ಲ, ದಯವಿಟ್ಟು ಗ್ಯಾರೇಜಿಗೆ ನೀವೊಂದು ಕರೆ ಮಾಡುತ್ತೀರಾ ಅಂತ. ಮಾತಿನ ಧಾಟಿಯಿಂದ ಕರೆ ಮಾಡಿದವರು ಬಿಳಿಯರೋ ಕಪ್ಪು ಜನರೋ ಗೊತ್ತಾಗುತ್ತಿತ್ತು.

ಪೂರ್ತಿ ಕೇಳಿಸಿಕೊಂಡವರಲ್ಲಿ, ಕನ್ಸರ್ವೇಟಿವ್ ಪಕ್ಷದವರು ಕಪ್ಪು ಜನರಿಗೆ ಸಹಾಯ ಮಾಡಿದ್ದು ಕಡಿಮೆ. ಲಿಬರಲ್‌ಗಳಲ್ಲಿ ಆ ಅಂತರ ಚಿಕ್ಕದಿತ್ತು. ಆದರೆ ಲಿಬರಲ್‌ಗಳಲ್ಲಿ ಇನ್ನೊಂದು ಕಂಡಿತು. ಸಹಾಯ ಕೇಳುವ ಮಾತು ಬರುವ ಮುಂಚೆಯೇ ಅವರು ಕಪ್ಪು ದನಿಯವರ ಫೋನನ್ನು ಹೆಚ್ಚಾಗಿ ಇಟ್ಟುಬಿಟ್ಟಿದ್ದರು. ಇಲ್ಲ ಎಂದು ಹೇಳುವ ಪ್ರಸಂಗವೇ ಬರಲಿಲ್ಲ. ಹಾಗಾಗಿ ನಾನು ಇಲ್ಲ ಅಂದೆ ಎಂಬ ಅಳುಕೂ ಉಳಿಯಲಿಲ್ಲ.

ಗಾರ್ಟ್ನರ್ ಮತ್ತು ಜಾನ್ ಡೊವಿಡಿಯೊ ಇದರ ಹಿಂದೆ ಬಿದ್ದು ವರ್ಷಗಟ್ಟಲೆ ಕೆಲಸ ಮಾಡಿದರು. ಅವರ ಮಾತಿನ ಸಾರ ಇಷ್ಟು. ಸಮಾನತೆಯನ್ನು ನಿಜವಾಗಿ ನಂಬುವ ಮನಸ್ಸಿನಲ್ಲೂ, ಚಿಕ್ಕಂದಿನಿಂದ ನೋಡಿ ಕೇಳಿ ಕೂತ ಹಿಂಜರಿಕೆಗಳು ಇರುತ್ತವೆ. ಸರಿ ತಪ್ಪು ಸ್ಪಷ್ಟವಾಗಿ ಕಾಣುವ ಕಡೆ ಇವರು ತಪ್ಪು ಮಾಡುವುದಿಲ್ಲ. ಮಸುಕಾಗಿರುವ ಕಡೆ, ಬೇರೆ ಏನಾದರೂ ಕಾರಣ ಕೊಡಬಹುದಾದ ಕಡೆ ಕೈ ತಪ್ಪುತ್ತದೆ. 2000ದಲ್ಲಿ ಪ್ರಕಟವಾದ ಅವರ ಒಂದು ಪ್ರಯೋಗದಲ್ಲಿ ಬಿಳಿಯ ವಿದ್ಯಾರ್ಥಿಗಳು ಒಂದು ಕೆಲಸಕ್ಕೆ ಬಂದ ಅರ್ಜಿಗಳನ್ನು ನೋಡಬೇಕಿತ್ತು. ಅರ್ಹತೆ ಎದ್ದು ಕಾಣುವಂತಿದ್ದಾಗ ಬಣ್ಣದಿಂದ ವ್ಯತ್ಯಾಸವಾಗಲಿಲ್ಲ. ಅರ್ಹತೆ ತೀರಾ ಕಡಿಮೆ ಇದ್ದಾಗಲೂ ಆಗಲಿಲ್ಲ. ಹೀಗೂ ಹೌದು ಹಾಗೂ ಹೌದು ಎನ್ನುವಂಥ ಅರ್ಜಿ ಬಂದಾಗ ಮಾತ್ರ ಕಪ್ಪು ಅಭ್ಯರ್ಥಿ ಹಿಂದೆ ಬಿದ್ದ. ನಮ್ಮಲ್ಲಿ ಹೆಚ್ಚಿನವರು ಇರುವುದೇ ಆ ನಡುವಿನಲ್ಲಿ, ಅಲ್ವಾ?

ಮನಸ್ಸಿನ ಮಾತು ಬಿಟ್ಟು ನಿಜವಾದ ಕಂಪನಿಗಳ ಕಡೆ ಬಂದರೂ ಕಥೆ ಅದೇ. 2004ರಲ್ಲಿ ಮರಿಯಾನ್ ಬರ್ಟ್ರಾಂಡ್ ಮತ್ತು ಸೆಂಧಿಲ್ ಮುಲ್ಲೈನಾಥನ್ ಎಂಬ ಅರ್ಥಶಾಸ್ತ್ರಜ್ಞರು ಒಂದು ಅಧ್ಯಯನ ಪ್ರಕಟಿಸಿದರು. ಬಾಸ್ಟನ್ ಮತ್ತು ಶಿಕಾಗೋದ ಕೆಲಸದ ಜಾಹೀರಾತುಗಳಿಗೆ ಸುಮಾರು 5,000 ಕಲ್ಪಿತ ಬಯೋಡೇಟಾ ಕಳಿಸಿದ್ದರು. ಕೆಲವಕ್ಕೆ ಎಮಿಲಿ, ಗ್ರೆಗ್ ಥರದ ಬಿಳಿಯರ ಹೆಸರು. ಕೆಲವಕ್ಕೆ ಲಕೀಶಾ, ಜಮಾಲ್ ಥರದ ಕಪ್ಪು ಜನರ ಹೆಸರು. ಬಿಳಿ ಹೆಸರುಗಳಿಗೆ ವಾಪಸ್ ಬಂದ ಕರೆಗಳು ಶೇ 50ರಷ್ಟು ಜಾಸ್ತಿ. ಆ ಬಯೋಡೇಟಾಗಳನ್ನು ಪಕ್ಕಕ್ಕಿಟ್ಟವರಲ್ಲಿ ಎಷ್ಟೋ ಮಂದಿ ತಮ್ಮನ್ನು ವರ್ಣಭೇದದ ವಿರೋಧಿ ಎಂದೇ ತಿಳಿದಿರುತ್ತಾರೆ ಎಂದು ನನಗನ್ನಿಸುತ್ತದೆ. ಅವರನ್ನು ಕೇಳಿದರೆ ಸುಳ್ಳು ಹೇಳುವುದಿಲ್ಲ. ಅವರಿಗೆ ಗೊತ್ತೇ ಇರುವುದಿಲ್ಲ. ಉದ್ದೇಶ ಒಳ್ಳೆಯದಿತ್ತೋ ಇಲ್ಲವೋ ಅನ್ನುವ ಪ್ರಶ್ನೆಯಿಂದ ಜಮಾಲ್‌ಗೆ ಕೆಲಸ ಸಿಗುವುದಿಲ್ಲ.

ಈಗ "ನನಗೆ ಬಣ್ಣವೇ ಕಾಣುವುದಿಲ್ಲ" ಎಂಬ ಮಾತಿಗೆ ಬರೋಣ. ಹೇಳುವವರು ಪ್ರೀತಿಯಿಂದಲೇ ಹೇಳುತ್ತಾರೆ. ಬಣ್ಣ ನೋಡಿ ಅಳೆಯಬಾರದು ಎಂದು ಅವರಿಗೆ ಕಲಿಸಿದ್ದೂ ಕಿಂಗ್ ಅವರ ಚಳವಳಿಯೇ. ತೊಂದರೆ ಏನೆಂದರೆ, ಬಣ್ಣವನ್ನು ಸರ್ಕಾರ ನೋಡಿತ್ತು, ಬ್ಯಾಂಕು ನೋಡಿತ್ತು. 1930ರ ದಶಕದಲ್ಲಿ ಅಮೆರಿಕದ ಒಂದು ಸರ್ಕಾರಿ ಗೃಹಸಾಲ ಸಂಸ್ಥೆ ನೂರಾರು ನಗರಗಳ ನಕ್ಷೆ ಮಾಡಿಸಿತು. ಸಾಲಕ್ಕೆ ಯೋಗ್ಯವಾದ ಬಡಾವಣೆಗೆ ಹಸಿರು, ಅಪಾಯ ಎನಿಸಿದ್ದಕ್ಕೆ ಕೆಂಪು. ಕಪ್ಪು ಜನರಿದ್ದ ಬಡಾವಣೆಗಳಿಗೆ ಸಾಮಾನ್ಯವಾಗಿ ಬಿದ್ದದ್ದು ಕೆಂಪು. ಮುಂದೆ ದಶಕಗಳ ಕಾಲ ಸರ್ಕಾರದ ಖಾತರಿಯ ಅಗ್ಗದ ಗೃಹಸಾಲ ಬಿಳಿಯರಿಗೆ ಸಿಕ್ಕಿತು, ಕಪ್ಪು ಜನರಿಗೆ ಬಹುಮಟ್ಟಿಗೆ ಸಿಗಲಿಲ್ಲ. ಮನೆ ಮಾರಾಟ, ಬಾಡಿಗೆ, ಗೃಹಸಾಲದಲ್ಲಿ ಭೇದ ಮಾಡುವುದನ್ನು ನಿಷೇಧಿಸುವ ಕೇಂದ್ರ ಕಾನೂನು ಬಂದದ್ದು 1968ರ ಏಪ್ರಿಲ್‌ನಲ್ಲಿ, ಕಿಂಗ್ ಕೊಲೆಯಾದ ಒಂದು ವಾರಕ್ಕೆ.

ಅಮೆರಿಕದ ಮಧ್ಯಮ ವರ್ಗಕ್ಕೆ ಮನೆಯೇ ಆಸ್ತಿ. ಅಜ್ಜ ಕೊಂಡ ಮನೆ ಅಪ್ಪನ ಓದಿಗೆ ದುಡ್ಡಾಗುತ್ತದೆ, ಮೊಮ್ಮಗನ ಮನೆಗೆ ಮುಂಗಡವಾಗುತ್ತದೆ. 2022ರಲ್ಲಿ ನಡುಮಟ್ಟದ ಬಿಳಿಯ ಕುಟುಂಬದ ಆಸ್ತಿ 2,85,000 ಡಾಲರ್, ನಡುಮಟ್ಟದ ಕಪ್ಪು ಕುಟುಂಬದ್ದು 44,900 ಡಾಲರ್ ಎಂದು ಅಲ್ಲಿನ ಕೇಂದ್ರ ಬ್ಯಾಂಕಿನ ಸಮೀಕ್ಷೆಯೇ ಹೇಳಿದೆ. ಈ ಅಂತರಕ್ಕೆ ಬೇರೆ ಕಾರಣಗಳೂ ಇವೆ. ಆದರೆ ಆ ಕೆಂಪು ಗೆರೆಯನ್ನು ಬಿಟ್ಟು ಇದು ಅರ್ಥವಾಗುವುದಿಲ್ಲ. ಇವತ್ತು ಆ ಮನೆಯಲ್ಲಿ ವಾಸವಿರುವ ಬಿಳಿಯರು ಯಾರಿಗೂ ಕೇಡು ಬಗೆದಿಲ್ಲ. ಸುಮ್ನೆ ಬದುಕುತ್ತಿದ್ದಾರೆ ಅಷ್ಟೆ. ಬಣ್ಣ ಕಾಣುವುದಿಲ್ಲ ಎಂದಾಗ ಅವರಿಗೆ ಕಾಣದೆ ಹೋಗುವುದು ಈ ಚರಿತ್ರೆ.

ಇನ್ನು ಕಣ್ಣೀರು. ಇದನ್ನು ಹೇಳುವಾಗ ಎಚ್ಚರ ಬೇಕು. ಮರುಗುವವರನ್ನು ನಾನು ಹಗುರ ಮಾಡಲಾರೆ. ಆದರೆ ಯಾರಿಗಾಗಿ ಮರುಗುತ್ತೇವೆ ಅನ್ನುವುದನ್ನು ನೋಡಬೇಕು. 1965ರ ಫೆಬ್ರುವರಿಯಲ್ಲಿ ಅಲಬಾಮಾದ ಮೇರಿಯನ್ ಊರಿನಲ್ಲಿ ಜಿಮ್ಮಿ ಲೀ ಜಾಕ್ಸನ್ ಎಂಬ 26 ವರ್ಷದ ಕಪ್ಪು ಯುವಕನಿಗೆ ಪೊಲೀಸರು ಗುಂಡು ಹೊಡೆದರು. ಎಂಟು ದಿನಕ್ಕೆ ಸತ್ತ. ಅದೇ ರಾಜ್ಯದ ಸೆಲ್ಮಾ ಊರಿನಿಂದ ಮತದಾನದ ಹಕ್ಕಿಗಾಗಿ ಮೆರವಣಿಗೆ ಹೊರಟದ್ದೇ ಆ ಸಾವಿನ ಸಂಕಟದಿಂದ. ಮಾರ್ಚ್‌ನಲ್ಲಿ ಆ ಮೆರವಣಿಗೆಗೆಂದು ಬಾಸ್ಟನ್‌ನಿಂದ ಬಂದ ಬಿಳಿಯ ಪಾದ್ರಿ ಜೇಮ್ಸ್ ರೀಬ್ ಅವರನ್ನು ಸೆಲ್ಮಾದ ಬೀದಿಯಲ್ಲಿ ಬಿಳಿಯರೇ ಹೊಡೆದು ಕೊಂದರು. ದೇಶ ಅತ್ತಿತು. ಅಧ್ಯಕ್ಷ ಜಾನ್ಸನ್ ರೀಬ್ ಅವರ ಹೆಂಡತಿಗೆ ಫೋನ್ ಮಾಡಿದರು. ಮಾರ್ಚ್ 15ರಂದು ಸಂಸತ್ತಿನಲ್ಲಿ ಮಾತಾಡುತ್ತಾ, ದೇವರ ಮನುಷ್ಯ, ಒಬ್ಬ ಒಳ್ಳೆಯ ಮನುಷ್ಯ ಕೊಲೆಯಾದ ಎಂದರು. ಒಬ್ಬ ಎಂದರು. ಜಾಕ್ಸನ್ ಆ ಲೆಕ್ಕಕ್ಕೆ ಬರಲಿಲ್ಲ. ರೀಬ್ ಜೀವವನ್ನೇ ಕೊಟ್ಟವರು, ಅವರ ಬಗ್ಗೆ ಎರಡು ಮಾತಿಲ್ಲ. ಅವರಿಗಾಗಿ ಅತ್ತವರಿಗೆ ಜಾಕ್ಸನ್ ಯಾಕೆ ಕಾಣಲಿಲ್ಲ ಎಂದು ಕಪ್ಪು ಜನ ಆಗಲೇ ಕೇಳಿದರು.

2020ರ ಮೇ 25ರಂದು ಮಿನಿಯಾಪೊಲಿಸ್‌ನಲ್ಲಿ ಪೊಲೀಸನ ಮಂಡಿಯಡಿ ಜಾರ್ಜ್ ಫ್ಲಾಯ್ಡ್ ಎಂಬ ಕಪ್ಪು ವ್ಯಕ್ತಿ ಸತ್ತಾಗ ಲಕ್ಷಾಂತರ ಬಿಳಿಯರು ಬೀದಿಗೆ ಬಂದರು. ಅದು ದೊಡ್ಡದು. ಜೂನ್ 2ರಂದು ಬೆಂಬಲ ತೋರಿಸಲೆಂದು ಇನ್‌ಸ್ಟಾಗ್ರಾಮ್ ತುಂಬ ಕಪ್ಪು ಚೌಕಗಳು. ಬ್ಲ್ಯಾಕ್ ಲೈವ್ಸ್ ಮ್ಯಾಟರ್ ಚಳವಳಿಯ ಹ್ಯಾಶ್‌ಟ್ಯಾಗ್‌ನಲ್ಲೇ ಅವನ್ನು ಹಾಕಿದ್ದರಿಂದ, ಪ್ರತಿಭಟನೆಯ ಮಾಹಿತಿಗೆ ಅಲ್ಲಿ ನೋಡಿದವರಿಗೆ ಬರೀ ಕಪ್ಪು ಚೌಕಗಳೇ ಸಿಕ್ಕವು. ಹಾಕಿದವರ ಮನಸ್ಸು ಒಳ್ಳೆಯದೇ ಇತ್ತು. ಚಳವಳಿಗೆ ಬೆಂಬಲವಿದೆ ಎಂದ ಬಿಳಿಯರು ಆ ಜೂನ್‌ನಲ್ಲಿ ಶೇ 60 ಇದ್ದರು ಎಂದು ಪ್ಯೂ ಎಂಬ ಸಂಶೋಧನಾ ಸಂಸ್ಥೆಯ ಸಮೀಕ್ಷೆ ಹೇಳುತ್ತದೆ. ಸೆಪ್ಟೆಂಬರ್ ಹೊತ್ತಿಗೆ ಶೇ 45.

ಆ ಬೇಸಿಗೆಯಲ್ಲಿ ಬಹಳ ಕೇಳಿಬಂದ ಪದ "ಬಿಳಿಯರ ನಾಜೂಕುತನ". ರಾಬಿನ್ ಡಿ ಏಂಜೆಲೊ ಎಂಬ ಬಿಳಿಯ ಲೇಖಕಿ 2011ರಲ್ಲಿ ಬಳಕೆಗೆ ತಂದದ್ದು. ಬಣ್ಣದ ಮಾತು ಬಂದ ತಕ್ಷಣ ಸಿಟ್ಟು, ಮೌನ, ಅಳು, ಎದ್ದು ಹೋಗುವುದು: ಇವೆಲ್ಲ ಸೇರಿ ಮಾತನ್ನು ಅಲ್ಲಿಗೇ ನಿಲ್ಲಿಸಿಬಿಡುತ್ತವೆ ಅನ್ನುವುದು ಅದರ ತಿರುಳು. ಬೇಲಿಯ ಪಕ್ಕದ ಆ ಸಂಜೆಯನ್ನು ನೋಡಿದ ನನಗೆ ಈ ಮಾತು ನಿಜ ಅನ್ನಿಸುತ್ತದೆ. ಆದರೆ ಕಪ್ಪು ಚಿಂತಕರೆಲ್ಲ ಇದನ್ನು ಒಪ್ಪಿಲ್ಲ. ಭಾಷಾಶಾಸ್ತ್ರಜ್ಞ ಜಾನ್ ಮೆಕ್‌ವರ್ಟರ್, ಇದು ಕಪ್ಪು ಜನರನ್ನೇ ಮುಟ್ಟಿದರೆ ಒಡೆಯುವ ಮಕ್ಕಳಂತೆ ಕಾಣುತ್ತದೆ ಎಂದು ಟೀಕಿಸಿದರು. ನನ್ನ ತಕರಾರು ಬೇರೆ. ಬಿಳಿಯರು ಗುಂಪಾಗಿ ಕೂತು ತಮ್ಮ ತಪ್ಪು ಒಪ್ಪಿಕೊಳ್ಳುವುದೇ ಕೆಲಸವಾದರೆ, ಮಾತು ಮತ್ತೆ ಅವರ ಮನಸ್ಸಿನ ಸುತ್ತಲೇ ತಿರುಗುತ್ತದೆ. ಮೊದಲು "ನಾನು ಒಳ್ಳೆಯವನು" ಎಂದು, ಈಗ "ನಾನು ಕೆಟ್ಟವನು" ಎಂದು. ಬ್ಯಾಗ್ ಬಿಚ್ಚಿಸಿದ ಅಂಗಡಿ ಅಲ್ಲೇ ಇದೆ. ಭೇದ ಮಾಡಬಾರದೆಂದು ಕಂಪನಿಗಳು ಕೊಡುವ ಕಡ್ಡಾಯ ತರಬೇತಿಗಳ ಬಗ್ಗೆ ಫ್ರಾಂಕ್ ಡಾಬಿನ್ ಮತ್ತು ಅಲೆಕ್ಸಾಂಡ್ರಾ ಕಲೇವ್ ಎಂಬ ಸಮಾಜಶಾಸ್ತ್ರಜ್ಞರು 800ಕ್ಕೂ ಹೆಚ್ಚು ಕಂಪನಿಗಳ ಮೂರು ದಶಕದ ಅಂಕಿಅಂಶ ನೋಡಿದರು. ತರಬೇತಿ ಶುರುವಾಗಿ ಐದು ವರ್ಷವಾದರೂ ಮ್ಯಾನೇಜರ್ ಹುದ್ದೆಗಳಲ್ಲಿ ಕಪ್ಪು ಗಂಡಸರ ಪಾಲು ಏರಲಿಲ್ಲ, ಕಪ್ಪು ಹೆಂಗಸರ ಪಾಲು ಇಳಿದಿತ್ತು.

ಹಾಗಾದರೆ ಬದಲಾಗುವವರು ಹೇಗೆ ಬದಲಾಗುತ್ತಾರೆ? ನನಗೆ ತಿಳಿದ ಅತ್ಯಂತ ಸ್ಪಷ್ಟವಾದ ಕಥೆ ದಕ್ಷಿಣ ಆಫ್ರಿಕಾದ್ದು.

1967ರಲ್ಲಿ ಅಲ್ಲಿನ ಗ್ರಹಾಮ್ಸ್‌ಟೌನ್ ಊರಿನ ರೋಡ್ಸ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿ ಒಕ್ಕೂಟದ ಸಮ್ಮೇಳನ. ಒಕ್ಕೂಟ ವರ್ಣಭೇದಕ್ಕೆ ವಿರುದ್ಧವಾದದ್ದು, ಅದರ ಮುಖಂಡರು ಬಿಳಿಯ ಉದಾರವಾದಿಗಳು. ಕಪ್ಪು ಪ್ರತಿನಿಧಿಗಳು ಹಾಸ್ಟೆಲ್‌ನಲ್ಲಿ ಮಲಗುವಂತಿಲ್ಲ ಎಂದು ವಿಶ್ವವಿದ್ಯಾಲಯ ಹೇಳಿತು. ಅವರಿಗೆ ದೂರದ ಕಪ್ಪು ಜನರ ಕೇರಿಯ ಚರ್ಚ್ ಹಾಲ್ ಕೊಟ್ಟರು. ಸ್ಟೀವ್ ಬಿಕೊ ಎಂಬ ಇಪ್ಪತ್ತರ ವೈದ್ಯಕೀಯ ವಿದ್ಯಾರ್ಥಿ ಎದ್ದು, ಎಲ್ಲರೂ ಒಟ್ಟಿಗೆ ಇರಬಹುದಾದ ಜಾಗ ಸಿಗುವವರೆಗೆ ಸಮ್ಮೇಳನ ನಿಲ್ಲಿಸೋಣ ಎಂದರು. ವಿಶ್ವವಿದ್ಯಾಲಯವನ್ನು ಖಂಡಿಸುವುದಕ್ಕೆ ಬಿಳಿಯ ಮುಖಂಡರು ತಯಾರಿದ್ದರು. ಸಮ್ಮೇಳನ ನಿಲ್ಲಿಸುವುದಕ್ಕೆ ಮಾತ್ರ ತಯಾರಿರಲಿಲ್ಲ. ಬಿಕೊ ಸೂಚನೆ ಬಿದ್ದುಹೋಯಿತು. ಎರಡು ವರ್ಷದೊಳಗೆ ಬಿಕೊ ಮತ್ತು ಗೆಳೆಯರು ಕಪ್ಪು ವಿದ್ಯಾರ್ಥಿಗಳದ್ದೇ ಸಂಘಟನೆ ಕಟ್ಟಿದರು. ನಮ್ಮ ನೋವನ್ನು ನಮ್ಮ ಪರವಾಗಿ ನೀವು ಹೇಳುವುದು ಸಾಕು, ನಿಮ್ಮ ಜನರ ನಡುವೆ ಹೋಗಿ ಕೆಲಸ ಮಾಡಿ ಎಂದರು.

ಇದರಿಂದ ನೊಂದ ಬಿಳಿಯರಲ್ಲಿ ಡೊನಾಲ್ಡ್ ವುಡ್ಸ್ ಒಬ್ಬರು. ಈಸ್ಟ್ ಲಂಡನ್ ಊರಿನ ಡೈಲಿ ಡಿಸ್ಪ್ಯಾಚ್ ಪತ್ರಿಕೆಯ ಸಂಪಾದಕರು. ಸರ್ಕಾರದ ವರ್ಣಭೇದವನ್ನು ಧೈರ್ಯವಾಗಿ ಟೀಕಿಸುತ್ತಿದ್ದವರು. ಬಿಕೊ ಮಾಡುತ್ತಿರುವುದೂ ತಿರುಗುಮುರುಗಾದ ವರ್ಣಭೇದವೇ ಎಂದು ಅವರು ಬರೆದರು. ಒಂದು ದಿನ ಮಾಂಫೆಲಾ ರಾಂಫೆಲೆ ಎಂಬ ಯುವ ಕಪ್ಪು ವೈದ್ಯೆ ನೇರವಾಗಿ ಅವರ ಕಚೇರಿಗೆ ನುಗ್ಗಿದರು. ಬಿಕೊ ಅವರನ್ನು ಒಮ್ಮೆಯೂ ಭೇಟಿಯಾಗದೆ ಅವರ ಬಗ್ಗೆ ಹೇಗೆ ಬರೆಯುತ್ತೀರಿ ಎಂದು ದಬಾಯಿಸಿದರು. ಬಿಕೊ ಆಗ ಕಿಂಗ್ ವಿಲಿಯಮ್ಸ್ ಟೌನ್ ಬಿಟ್ಟು ಹೊರಹೋಗದಂತೆ ಸರ್ಕಾರದ ನಿರ್ಬಂಧದಲ್ಲಿದ್ದರು. ವುಡ್ಸ್ ಅವರೇ ಅಲ್ಲಿಗೆ ಹೋಗಬೇಕಿತ್ತು. ಹೋದರು.

ನನ್ನ ಮಟ್ಟಿಗೆ ಇಡೀ ವಿಷಯ ಆ "ಹೋದರು"ನಲ್ಲಿದೆ. ತಮ್ಮ ಇಷ್ಟು ವರ್ಷದ ಕೆಲಸವನ್ನು ಮುಂದಿಟ್ಟು ವುಡ್ಸ್ ಆ ಹುಡುಗಿಯ ಬಾಯಿ ಮುಚ್ಚಿಸಬಹುದಿತ್ತು. ಮುಚ್ಚಿಸಲಿಲ್ಲ. ಇಬ್ಬರೂ ಗೆಳೆಯರಾದರು. 1977ರ ಸೆಪ್ಟೆಂಬರ್ 12ರಂದು ಬಿಕೊ ಪೊಲೀಸರ ವಶದಲ್ಲಿ ಏಟು ತಿಂದು ಸತ್ತರು. ಆಗ ಅವರಿಗೆ 30 ವರ್ಷ. ಹೇಗೆ ಸತ್ತರು ಎಂದು ವುಡ್ಸ್ ಬಿಡದೆ ಕೇಳಿದರು. ಸರ್ಕಾರ ಅವರ ಮೇಲೂ ನಿರ್ಬಂಧ ಹೇರಿತು. ಅವರ ಐದು ವರ್ಷದ ಮಗಳಿಗೆ ಅಂಚೆಯಲ್ಲಿ ಬಂದ ಟೀ ಶರ್ಟಿಗೆ ಮೈ ಸುಡುವ ರಾಸಾಯನಿಕ ಸವರಿತ್ತು. ಆ ವರ್ಷದ ಕೊನೆಯ ದಿನ ವುಡ್ಸ್ ವೇಷ ಮರೆಸಿಕೊಂಡು ಪಕ್ಕದ ದೇಶ ಲೆಸೊಥೊಗೆ ದಾಟಿದರು.

ನಮ್ಮ ಪಕ್ಕದ ಮನೆಯ ಅಜ್ಜಿಯೂ ಆಮೇಲೆ ಒಂದು ದಿನ ಬಂದರು. "ಅವತ್ತು ಪೂರ್ತಿ ನಾನೇ ಮಾತಾಡಿಬಿಟ್ಟೆ. ಅಲ್ಲಿ ಆಗಿದ್ದಾದರೂ ಏನು?" ಎಂದು ನನ್ನ ಹೆಂಡತಿಯನ್ನು ಕೇಳಿದರು. ಅವಳು ಹೇಳಿದಳು. ಈ ಸಲ ಅಜ್ಜಿ ನಡುವೆ ಬಾಯಿ ಹಾಕಲಿಲ್ಲ. ಆ ಅಂಗಡಿಯ ಮ್ಯಾನೇಜರಿಗೆ ತಮ್ಮ ಹೆಸರಿನಲ್ಲೇ ಪತ್ರ ಬರೆದರು. ಏನಾದರೂ ಬದಲಾಯಿತೋ ಇಲ್ಲವೋ, ಅಷ್ಟರಲ್ಲಿ ನಾವು ಊರು ಬಿಟ್ಟಿದ್ದೆವು.

ಇದೆಲ್ಲ ನಮಗೆ ಯಾಕೆ ಎಂದು ಕೇಳಬಹುದು. 1965ಕ್ಕೆ ಮುಂಚೆ ಭಾರತದಿಂದ ವರ್ಷಕ್ಕೆ 100 ಜನರಿಗೆ ಮಾತ್ರ ಅಮೆರಿಕದಲ್ಲಿ ನೆಲೆಸಲು ಜಾಗವಿತ್ತು. ಆ ಬಾಗಿಲು ತೆಗೆದ ಕಾನೂನಿಗೆ ಜಾನ್ಸನ್ ಸಹಿ ಹಾಕಿದ್ದು 1965ರ ಅಕ್ಟೋಬರ್ 3ರಂದು. ದೇಶ ನೋಡಿ ಅಳೆಯುವ ಆ ಕೋಟಾ ನಾಚಿಕೆಗೇಡು ಎಂದು ಅನ್ನಿಸುವ ಹಾಗೆ ಮಾಡಿದ್ದು ಕಪ್ಪು ಜನರ ಚಳವಳಿ. ಅಲ್ಲಿ ದುಡಿದು ಮನೆ ಕಟ್ಟಿದ ನಾವು ಅವರ ಋಣದಲ್ಲಿದ್ದೇವೆ. ಆದರೂ 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಟಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿತು. ಗುಂಪನ್ನು ಕೆರಳಿಸಿದ್ದ ಅಪಘಾತ ಮಾಡಿದ್ದು ಬೇರೆ ದೇಶದ ಬೇರೆ ವ್ಯಕ್ತಿ. ಅವಳಿಗೂ ಅದಕ್ಕೂ ಸಂಬಂಧವಿರಲಿಲ್ಲ. ಆಗ ನಮ್ಮಲ್ಲಿ ಅಧಿಕಾರದಲ್ಲಿದ್ದವರ ಬಾಯಿಂದ ಬಂದ ಮಾತು, ಇದು ಜನಾಂಗೀಯ ದಾಳಿ ಅಲ್ಲ ಅಂತ. ನಮ್ಮ ಊರಿನ ಜನ ಅಂಥವರಲ್ಲ.

ಜಾತಿಯ ವಿಷಯವಂತೂ ಇನ್ನೂ ಹತ್ತಿರದ್ದು. ಕಿಂಗ್ 1959ರಲ್ಲಿ ಕೇರಳಕ್ಕೆ ಬಂದಿದ್ದಾಗ ದಲಿತ ಮಕ್ಕಳು ಓದುತ್ತಿದ್ದ ಶಾಲೆಗೆ ಹೋಗಿದ್ದರು. ಅಮೆರಿಕದಿಂದ ಬಂದ ನಮ್ಮಂಥದೇ ಅಸ್ಪೃಶ್ಯರು ಎಂದು ಪ್ರಾಂಶುಪಾಲರು ಅವರನ್ನು ಪರಿಚಯಿಸಿದರು. ಒಂದು ಕ್ಷಣ ಬೆಚ್ಚಿದೆ, ಸ್ವಲ್ಪ ಸಿಟ್ಟೂ ಬಂತು ಎಂದು ಕಿಂಗ್ ಆಮೇಲೆ ಹೇಳಿಕೊಂಡಿದ್ದಾರೆ. ಆಮೇಲೆ ಕೂತು ಯೋಚಿಸಿದಾಗ, ಹೌದು, ನಾನು ಅಸ್ಪೃಶ್ಯನೇ, ಅಮೆರಿಕದ ಪ್ರತಿಯೊಬ್ಬ ನೀಗ್ರೋ ಅಸ್ಪೃಶ್ಯನೇ ಎಂದು ಅನ್ನಿಸಿತಂತೆ.

ನಾನು ಜಾತಿ ಕೇಳಿಸಿಕೊಳ್ಳದೆ ಬೆಳೆದವನು. ಕೇಳಬೇಕಾದ ಅಗತ್ಯವೇ ಬರದ ಮನೆಯಲ್ಲಿ ಹುಟ್ಟಿದವನು. ಕಾಲೇಜು ಮುಗಿಸಿ ಬೆಂಗಳೂರಿಗೆ ಬಂದಾಗ ಹಾಸ್ಟೆಲ್ಲಿನ ಗೆಳೆಯನೊಬ್ಬ ಬಾಡಿಗೆ ಮನೆ ಹುಡುಕುತ್ತಿದ್ದ. ಟು ಲೆಟ್ ಬೋರ್ಡ್ ನೋಡಿ ಹೋದರೆ, "ನೀವು ಯಾವ ಜನ?" ಎಂದು ಕೇಳಿ, ಮರುದಿನ ಮನೆ ಬೇರೆಯವರಿಗೆ ಆಯಿತು ಎಂದರಂತೆ. ಬೋರ್ಡ್ ಮಾತ್ರ ಇನ್ನೂ ಅಲ್ಲೇ ನೇತಾಡುತ್ತಿತ್ತಂತೆ. ಅವನು ಅದನ್ನು ಹೇಳಿದಾಗ ನಾನು ಅಂದಿದ್ದೆ: "ಏ, ಹಾಗೇನಿಲ್ಲ ಬಿಡೋ. ಓನರ್‌ಗಳು ಎಲ್ಲರಿಗೂ ಹಾಗೇ ಮಾಡ್ತಾರೆ." ಅವನು ಮಾತು ಬದಲಿಸಿದ. ಕಾಫಿ ಕುಡಿದು ಎದ್ದೆವು. ನಾನು ಅದನ್ನು ಮರೆತೂಬಿಟ್ಟೆ. ಅಷ್ಟು ವರ್ಷ ಕಳೆದ ಮೇಲೆ, ಬೇಲಿಯಾಚೆಯಿಂದ ಅದೇ ಮಾತು ಇಂಗ್ಲಿಷಿನಲ್ಲಿ ಕೇಳಿಸುವವರೆಗೆ.

ಊರಿಗೆ ಬಂದ ಮೇಲೆ ಅವನಿಗೆ ಫೋನ್ ಮಾಡಿದೆ. "ಅವತ್ತು ಒಂದು ಮನೆ ವಿಷಯ ಹೇಳಿದ್ದೆ ನೆನಪಿದೆಯಾ? ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ ಕಣೋ. ಈಗ ಹೇಳ್ತೀಯಾ?" ಎಂದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಏನೂ ಕೇಳಲಿಲ್ಲ. ಆಮೇಲೆ ಅವನು ಹೇಳತೊಡಗಿದ. ಶುರು ಮಾಡಿದ್ದು ಆ ಮನೆಯಿಂದಲ್ಲ. ಅದಕ್ಕೂ ಮುಂಚೆ ನೋಡಿ ಬಂದಿದ್ದ, ನನಗೆ ಹೇಳೇ ಇರದ ಮೂರು ಮನೆಗಳಿಂದ.